ಕಡಲ ಕುದುರೆ ವಿಜಯಪುರಕ್ಕೆ ಬೇಡ

ನಮ್ಮ ಮನೆಯಲ್ಲಿ ಉಪ್ಪುನೀರಿನ ಅಕ್ವೇರಿಯಂ ಇದೆ ಅಂತ ಗೊತ್ತಾದವರು ನನಗೆ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ಸರ್, ಕಡಲ ಕುದುರಿ ಎಲ್ಲಿ ಸಿಗ್ತಾವ್ರೀ? ಜೋಡಿ ನಾಲ್ಕು ಹವಳಾನೂ ಬೇಕಾಗಿತ್ತು." ಒಬ್ಬೊಬ್ಬರಿಗೂ ಬೇರೆ ಬೇರೆ ಬರೆಯುವ ಬದಲು ಇಲ್ಲೇ ಹೇಳಿಬಿಡುತ್ತೇನೆ. ಬರಹ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ.

ಉಪ್ಪುನೀರಿನ ಟ್ಯಾಂಕ್ ಇಡಿ. ಖಂಡಿತ ಇಡಿ. ಕೈಲಾದ ಸಹಾಯ ನಾನು ಮಾಡುತ್ತೇನೆ. ಆದರೆ ಕಡಲ ಕುದುರೆ, ಅಂದರೆ ಸೀ ಹಾರ್ಸ್ ಅನ್ನುವ ಕುದುರೆಮೋರೆಯ ಪುಟ್ಟ ಮೀನು, ಬೇಡ. ಸಮುದ್ರದಿಂದ ಕಿತ್ತು ತಂದ ಹವಳವೂ ಬೇಡ. ಇದು ನನ್ನ ಗಟ್ಟಿ ಅಭಿಪ್ರಾಯ. ಯಾಕೆ ಅಂತ ಹೇಳುತ್ತೇನೆ.

ಮೊದಲು ಕಾನೂನಿನ ಮಾತು ಮುಗಿಸೋಣ, ಬಹಳ ಜನರಿಗೆ ಇದು ಗೊತ್ತೇ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅಂದರೆ ನಮಗೆ ಹುಲಿ, ಆನೆ, ಜಿಂಕೆ ನೆನಪಾಗುತ್ತವೆ. 2001ರಲ್ಲಿ ಕೇಂದ್ರ ಸರ್ಕಾರ ಕಡಲ ಕುದುರೆಗಳನ್ನು, ದಿಬ್ಬ ಕಟ್ಟುವ ಗಟ್ಟಿ ಹವಳಗಳನ್ನು, ಬೀಸಣಿಗೆಯ ಹಾಗೆ ಹರಡುವ ಹವಳಗಳಾದ ಸೀ ಫ್ಯಾನ್‌ಗಳನ್ನು ಅದೇ ಕಾಯ್ದೆಯ ಮೊದಲ ಪಟ್ಟಿಗೆ ಸೇರಿಸಿತು. ಹುಲಿ ಇರುವ ಪಟ್ಟಿ ಅದು. ಹಿಡಿಯುವುದು, ಮಾರುವುದು, ಕೊಂಡು ಮನೆಯಲ್ಲಿ ಇಟ್ಟುಕೊಳ್ಳುವುದು ಎಲ್ಲವೂ ಅಪರಾಧ, ಜೈಲು ಶಿಕ್ಷೆ ಇರುವಂಥದ್ದು. ಸತ್ತು ಒಣಗಿದ ಹವಳದ ತುಂಡಿಗೂ ಇದೇ ಕಾಯ್ದೆ. ರಾಮೇಶ್ವರಕ್ಕೆ ಹೋಗಿ ಬಂದವರ ಶೋಕೇಸಿನಲ್ಲಿ ಬಿಳಿ ಹವಳ ಇರುವುದನ್ನು ನೀವೂ ನೋಡಿರಬಹುದು. ಅದು ಬಂದದ್ದು ಬಹುಶಃ ಪಕ್ಕದ ಮನ್ನಾರ್ ಕೊಲ್ಲಿಯ ದಿಬ್ಬಗಳಿಂದ. ಅಲ್ಲಿ ಒಂದು ಕಾಲಕ್ಕೆ ಸುಣ್ಣಕ್ಕಾಗಿ ಹವಳವನ್ನೇ ಅಗೆದು ಸಾಗಿಸುತ್ತಿದ್ದರು.

"ಅಮೆರಿಕದವರು ಯೂಟ್ಯೂಬಿನಲ್ಲಿ ಆರಾಮಾಗಿ ತೋರಿಸ್ತಾರಲ್ರೀ" ಅಂತ ಕೆಲವರು ಕೇಳುತ್ತಾರೆ. ಹೌದು, ತೋರಿಸುತ್ತಾರೆ. ಅಲ್ಲಿ ತೊಟ್ಟಿಯಲ್ಲೇ ಹುಟ್ಟಿ ಬೆಳೆದ ಕಡಲ ಕುದುರೆ ಅಂಗಡಿಯಲ್ಲಿ ಸಿಗುತ್ತವೆ, ಅಲ್ಲಿನ ಕಾನೂನು ಅದಕ್ಕೆ ಅವಕಾಶ ಕೊಟ್ಟಿದೆ. 2004ರಿಂದ ಕಡಲ ಕುದುರೆಯ ಅಂತರರಾಷ್ಟ್ರೀಯ ವ್ಯಾಪಾರಕ್ಕೂ ಸೈಟ್ಸ್ (ಅಳಿವಿನ ಭಯ ಇರುವ ಜೀವಿಗಳ ವ್ಯಾಪಾರದ ಬಗ್ಗೆ ದೇಶಗಳು ಮಾಡಿಕೊಂಡ) ಒಪ್ಪಂದದ ಕಟ್ಟುಪಾಡು ಇದೆ. ನಮ್ಮಲ್ಲಿ ಕದ್ದುಮುಚ್ಚಿ ಮಾರುವುದು ಬಲೆಗೆ ಬಿದ್ದ ಜೀವವನ್ನು. ಎರಡೂ ಒಂದೇ ಅಲ್ಲ.

ಕಾನೂನು ಇರದಿದ್ದರೂ ನಾನು ಬೇಡ ಅಂತಲೇ ಹೇಳುತ್ತಿದ್ದೆ. ಕಾರಣ ಆ ಪ್ರಾಣಿಯೇ.

ಕಡಲ ಕುದುರೆಗೆ ಜಠರ ಇಲ್ಲ. ಹಲ್ಲೂ ಇಲ್ಲ. ಕೊಳವೆಯಂಥ ಮೂತಿಯಿಂದ ಸೀಗಡಿಯ ಮರಿಗಳನ್ನು ಚಕ್ಕನೆ ಹೀರಿಕೊಳ್ಳುತ್ತದೆ, ತಿಂದದ್ದು ಬೇಗ ಬೇಗ ಸಾಗಿ ಹೋಗುತ್ತದೆ. ಆದ್ದರಿಂದ ಅದು ಹಗಲೆಲ್ಲ ತಿನ್ನುತ್ತಲೇ ಇರಬೇಕು. ಮನೆಯಲ್ಲಿ ಸಾಕುವವರು ದಿನಕ್ಕೆ ಎರಡು ಮೂರು ಸಲ ಮೈಸಿಸ್ ಅನ್ನುವ ಪುಟ್ಟ ಸೀಗಡಿ ಹಾಕಬೇಕು, ಉಳಿದದ್ದನ್ನು ತೆಗೆಯಬೇಕು. ಒಂದು ಮದುವೆಗೆ ಅಂತ ಎರಡು ದಿನ ಬಾಗಲಕೋಟೆಗೆ ಹೋಗಿ ಬರುವ ಹಾಗಿಲ್ಲ. ಸಮುದ್ರದಲ್ಲಿ ಹಿಡಿದ ಕುದುರೆಗೆ ಇನ್ನೂ ಒಂದು ತೊಂದರೆ. ಅದಕ್ಕೆ ಆಹಾರ ಅಂದರೆ ಓಡಾಡುವ ಜೀವ. ಫ್ರೀಜರಿನಿಂದ ತೆಗೆದು ಹಾಕಿದ್ದು ಆಹಾರ ಅಂತಲೇ ಅದಕ್ಕೆ ಹೊಳೆಯುವುದಿಲ್ಲ.

ಒಂದು ದೊಡ್ಡ ಊರಿನಲ್ಲಿ ಅಂಗಡಿಯವನೊಬ್ಬ ಪರಿಚಯದ ಮೇಲೆ ನನ್ನನ್ನು ಹಿಂದಿನ ಕೋಣೆಗೆ ಕರೆದುಕೊಂಡು ಹೋಗಿ ತೋರಿಸಿದ. ಸಣ್ಣ ಗಾಜಿನ ಪೆಟ್ಟಿಗೆ. ಗಿಡ ಇಲ್ಲ, ಕಲ್ಲಿಲ್ಲ, ಹಿಡಿದುಕೊಳ್ಳಲು ಏನೂ ಇಲ್ಲ. ಒಂದು ಕಂದು ಬಣ್ಣದ ಕಡಲ ಕುದುರೆ ಗಾಳಿ ಬಿಡುವ ಪೈಪಿಗೆ ಬಾಲ ಸುತ್ತಿಕೊಂಡು ನಿಂತಿತ್ತು. ಮೈಮೇಲಿನ ಎಲುಬಿನ ಗೆರೆಗಳು ಒಂದೊಂದಾಗಿ ಕಾಣುತ್ತಿದ್ದವು. ಹೊಟ್ಟೆಯ ಭಾಗ ಒಳಗೆ ಎಳೆದುಕೊಂಡಿತ್ತು. ಅವನು ಚಿಟಿಕೆಯಷ್ಟು ಸೀಗಡಿ ಹಾಕಿದ. ಅದು ಕುದುರೆಯ ಮೂತಿಯ ಎದುರಿಗೇ ಇಳಿದು ತಳಕ್ಕೆ ಬಿತ್ತು. ಕುದುರೆಯ ಒಂದು ಕಣ್ಣು ಆ ತುಂಡಿನ ಹಿಂದೆ ತಳದವರೆಗೆ ಹೋಯಿತು, ಇನ್ನೊಂದು ಕಣ್ಣು ನಮ್ಮ ಕಡೆಗೇ ಇತ್ತು. ಅವುಗಳ ಎರಡು ಕಣ್ಣು ಬೇರೆ ಬೇರೆಯಾಗಿ ತಿರುಗುತ್ತವೆ. ಬಾಯಿ ಮಾತ್ರ ತೆರೆಯಲಿಲ್ಲ. "ಎರಡು ದಿನದಾಗ ರೂಢಿ ಆಗ್ತದ ಸರ್" ಅಂದ ಅವನು. ನನಗೆ ಸಿಟ್ಟು ಬಂತು, ಸಂಕಟವೂ ಆಯಿತು. ಇದು ನೀನು ಮಾರುವ ವಸ್ತು ಅಲ್ಲಪ್ಪ ಅಂತ ಅವನಿಗೆ ಮುಖಕ್ಕೇ ಹೇಳಿ ಹೊರಗೆ ಬಂದೆ.

ಆ ಜೀವದ ಬಾಳ್ವೆ ಗೊತ್ತಿದ್ದರೆ ಸಂಕಟ ಇನ್ನೂ ಜಾಸ್ತಿಯಾಗುತ್ತದೆ. ಬೆನ್ನ ಮೇಲಿನ ಪುಟ್ಟ ರೆಕ್ಕೆಯನ್ನು ಸೆಕೆಂಡಿಗೆ ಸುಮಾರು 35 ಸಲ ಬಡಿದರೂ ಅದು ಮುಂದೆ ಹೋಗುವುದು ಸ್ವಲ್ಪವೇ. ಅದಕ್ಕೇ ಅದು ಹುಲ್ಲನ್ನೋ ಹವಳವನ್ನೋ ಬಾಲದಿಂದ ಹಿಡಿದುಕೊಂಡು ಒಂದೇ ಕಡೆ ಇರುತ್ತದೆ. ಬಸಿರು ಹೊರುವುದು ಗಂಡು. ಹೆಣ್ಣು ಗಂಡಿನ ಹೊಟ್ಟೆಯ ಚೀಲದಲ್ಲಿ ಮೊಟ್ಟೆ ಇಡುತ್ತದೆ, ವಾರಗಟ್ಟಲೆ ಹೊತ್ತು ಮರಿಗಳನ್ನು ಹೊರಗೆ ಬಿಡುವುದು ಅಪ್ಪನೇ. ಎಷ್ಟೋ ಜಾತಿಗಳಲ್ಲಿ ಜೋಡಿ ದಿನಾ ಬೆಳಿಗ್ಗೆ ಭೇಟಿಯಾಗಿ, ಬಣ್ಣ ಬದಲಿಸಿ, ಬಾಲಕ್ಕೆ ಬಾಲ ಸೇರಿಸಿ ಒಟ್ಟಿಗೆ ಈಜುತ್ತವೆ. ಒಂದನ್ನು ಹಿಡಿದರೆ ಇನ್ನೊಂದು ಬೇರೆ ಜೋಡಿ ಸಿಗುವ ತನಕ ಸುಮ್ನೆ ಒಂಟಿ. ಬಲೆ ಎಳೆಯುವವನಿಗೆ ಇದೆಲ್ಲ ಕಾಣುವುದಿಲ್ಲ, ಕೊಳ್ಳುವ ನಾವಾದರೂ ತಿಳಿದುಕೊಳ್ಳಬೇಕು ಅಲ್ವಾ?

ಇನ್ನು "ಜೋಡಿ ಹವಳಾನೂ ಬೇಕು" ಅನ್ನುವ ಮಾತು. ಚಿತ್ರದಲ್ಲಿ ಎರಡೂ ಒಟ್ಟಿಗೆ ಚಂದ ಕಾಣುತ್ತವೆ. ಒಂದೇ ಗಾಜಿನೊಳಗೆ ಇಟ್ಟರೆ ಒಂದಕ್ಕೆ ಬೇಕಾದದ್ದು ಇನ್ನೊಂದಕ್ಕೆ ಆಗುವುದಿಲ್ಲ. ಗಟ್ಟಿ ಹವಳಕ್ಕೆ ನೀರು ಜೋರಾಗಿ ಹರಿಯಬೇಕು, ಬೆಳಕು ಪ್ರಖರವಾಗಿರಬೇಕು, ನೀರಿನಲ್ಲಿ ನೈಟ್ರೇಟ್ ಕಡಿಮೆ ಇರಬೇಕು. ಕುದುರೆಗೆ ಮೆಲ್ಲಗೆ ಹರಿಯುವ ನೀರು ಬೇಕು, ಅದಕ್ಕೆ ದಿನಾ ಹಾಕುವ ಆಹಾರವೇ ಕೊಳೆತು ನೈಟ್ರೇಟ್ ಏರಿಸುತ್ತದೆ. ಹವಳ 25–26 ಡಿಗ್ರಿಯಲ್ಲಿ ಚೆನ್ನಾಗಿರುತ್ತದೆ. ಕುದುರೆಯನ್ನು 22ರಿಂದ 24ರೊಳಗೆ ಇಡಬೇಕು, ನೀರು ಬಿಸಿಯಾದಷ್ಟೂ ವಿಬ್ರಿಯೋ ಬ್ಯಾಕ್ಟೀರಿಯಾ ಹೆಚ್ಚುತ್ತವೆ, ಚರ್ಮ ಹುಣ್ಣಾಗುತ್ತದೆ. ಅದೂ ಅಲ್ಲದೆ ಟಾರ್ಚ್, ಹ್ಯಾಮರ್ ಅನ್ನುವ ಹವಳಗಳು ಕುಟುಕುತ್ತವೆ. ಆಸರೆಗೆ ಅಂತ ಕುದುರೆ ಅದಕ್ಕೇ ಬಾಲ ಸುತ್ತಿದರೆ ಮೈ ಸುಟ್ಟುಕೊಳ್ಳುತ್ತದೆ. ಬೇರೆ ದೇಶಗಳಲ್ಲಿ ವರ್ಷಗಟ್ಟಲೆ ಅನುಭವ ಇದ್ದವರು ಎರಡನ್ನೂ ಕೂಡಿಸುತ್ತಾರೆ, ಕುಟುಕದ ಮೆತ್ತನೆಯ ಹವಳ ಆರಿಸಿಕೊಂಡು. ಹೊಸಬರು ಹೀಗೆ ಶುರು ಮಾಡುವುದು ತಪ್ಪು.

22 ಡಿಗ್ರಿ ಅಂದೆನಲ್ಲ, ಈಗ ನಮ್ಮೂರಿನ ಮೇ ತಿಂಗಳನ್ನು ನೆನಪಿಸಿಕೊಳ್ಳಿ. ಹೊರಗೆ ನಲವತ್ತು ದಾಟಿರುತ್ತದೆ. ಆರ್‌ಸಿಸಿ ಮನೆಯೊಳಗೆ ರಾತ್ರಿ ಹನ್ನೊಂದಕ್ಕೂ ಗೋಡೆ ಬಿಸಿ. ಟ್ಯಾಂಕಿನ ಪಂಪು, ಲೈಟು ತಮ್ಮ ಬಿಸಿಯನ್ನೂ ನೀರಿಗೇ ಸೇರಿಸುತ್ತವೆ. ಚಿಲ್ಲರ್ ಹಾಕಬೇಕಾಗುತ್ತದೆ. ಅದು ಫ್ರಿಜ್ಜಿನ ಕಂಪ್ರೆಸರ್ ತರಹವೇ, ನೀರಿನಿಂದ ತೆಗೆದ ಬಿಸಿಯನ್ನು ಕೋಣೆಗೆ ಬಿಡುತ್ತದೆ. ಕರೆಂಟ್ ಹೋದರೆ ಸಾಮಾನ್ಯ ಮನೆ ಇನ್ವರ್ಟರ್ ಸಣ್ಣ ಪಂಪನ್ನು ಓಡಿಸುತ್ತದೆ, ಚಿಲ್ಲರನ್ನು ಗಂಟೆಗಟ್ಟಲೆ ಓಡಿಸುವುದಿಲ್ಲ. ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ, ಉಪ್ಪುನೀರಿನಲ್ಲಿ ಇನ್ನೂ ಕಡಿಮೆ. ಬೆಳಗಾವಿಯವರಿಗೆ ಈ ಚಿಂತೆ ಸ್ವಲ್ಪ ಹಗುರ, ಅಲ್ಲಿಯ ಹವೆ ತಂಪು. ವಿಜಯಪುರ, ಬಾಗಲಕೋಟೆಯಲ್ಲಿ ಬೇಸಿಗೆ ಅಂದರೆ ಪ್ರತಿ ಮಧ್ಯಾಹ್ನ ಆತಂಕ.

ನಾನು ಚಿಲ್ಲರ್ ಇಟ್ಟಿಲ್ಲ. ನೀರಿನ ಮೇಲೆ ಸಣ್ಣ ಫ್ಯಾನ್ ಬೀಸುತ್ತದೆ. ನಮ್ಮ ಒಣ ಹವೆಯಲ್ಲಿ ನೀರು ಬೇಗ ಆವಿಯಾಗುತ್ತದೆ, ಅದರಿಂದಲೇ ಎರಡು ಮೂರು ಡಿಗ್ರಿ ಇಳಿಯುತ್ತದೆ. ಆದರೆ ಆವಿಯಾಗುವುದು ಬರೀ ನೀರು, ಉಪ್ಪು ಅಲ್ಲೇ ಉಳಿಯುತ್ತದೆ. ಹಾಗಾಗಿ ಕಡಿಮೆಯಾದಷ್ಟು ಸಿಹಿನೀರನ್ನೇ ದಿನಾ ಸೇರಿಸಬೇಕು. ಹೊಸಬರು ಉಪ್ಪುನೀರು ಸೇರಿಸುತ್ತಾರೆ, ವಾರದಲ್ಲಿ ಉಪ್ಪು ಮಿತಿ ಮೀರಿರುತ್ತದೆ. ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರ್ ಒಂದು ಕೊಂಡುಕೊಳ್ಳಿ, ನೀರಿನ ಸಾಪೇಕ್ಷ ಸಾಂದ್ರತೆ 1.025ರ ಹತ್ತಿರ ಇರಲಿ. ನಾನು ಫ್ಯಾನ್ ಮೇಲೆ ಭರವಸೆ ಇಟ್ಟಿರುವುದು ನನ್ನ ಮೀನುಗಳು 27–28 ಡಿಗ್ರಿ ತಡೆದುಕೊಳ್ಳುತ್ತವೆ ಅನ್ನುವ ಕಾರಣಕ್ಕೆ. ತೊಟ್ಟಿಯಲ್ಲಿ ಇಟ್ಟ ಕಡಲ ಕುದುರೆಗೆ ಅಷ್ಟು ಬಿಸಿ ಅಪಾಯ.

ನೀರಿನ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ. ನಾನು ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಕಲಿಸುವವನು, ಇದು ನನಗೆ ಇಷ್ಟದ ವಿಷಯ. "ನಮ್ಮ ಬೋರ್ ನೀರು ಹೆಂಗೂ ಸವಳು ಐತಿ, ಅದನ್ನೇ ಹಾಕಿದ್ರ ಆತಲ್ರೀ" ಅಂತ ಒಬ್ಬರು ಕೇಳಿದರು. ನಮ್ಮ ಜಿಲ್ಲೆಯ ಡೋಣಿ ನದಿಯ ನೀರು ಉಪ್ಪು ಅಲ್ವಾ ಅಂತ ಇನ್ನೊಬ್ಬರು. ಒಳ್ಳೆಯ ಪ್ರಶ್ನೆಗಳು. ಆದರೆ ಸವಳು ನೀರಿನ ಉಪ್ಪು ಬೇರೆ, ಸಮುದ್ರದ ಉಪ್ಪು ಬೇರೆ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು ಇರುತ್ತದೆ, ಅದರಲ್ಲಿ ಸೋಡಿಯಂ, ಮೆಗ್ನೀಷಿಯಂ, ಕ್ಯಾಲ್ಸಿಯಂ, ಸಲ್ಫೇಟ್ ಇವೆಲ್ಲ ಒಂದು ಲೆಕ್ಕದಲ್ಲಿ ಇರುತ್ತವೆ. ನಮ್ಮ ಬೋರ್ ನೀರು ನಮ್ಮ ನೆಲದ ಕಲ್ಲು ಮಣ್ಣಿನಿಂದ ಕರಗಿಸಿಕೊಂಡದ್ದರ ಲೆಕ್ಕವೇ ಬೇರೆ. ಗೊಬ್ಬರದ ನೈಟ್ರೇಟ್ ಬೇರೆ ಸೇರಿರುತ್ತದೆ. ಅಡುಗೆ ಉಪ್ಪು ಹಾಕಿದರೂ ಸರಿಹೋಗುವುದಿಲ್ಲ. ಆರ್‌ಒ ನೀರನ್ನು ಮತ್ತೊಮ್ಮೆ ಉಳಿದ ಲವಣ ಹೀರುವ ಡಿಐ ರೆಸಿನ್‌ನಿಂದ ಸೋಸಿ, ಟಿಡಿಎಸ್ (ಕರಗಿದ ಲವಣದ ಪ್ರಮಾಣ) ಸೊನ್ನೆಯ ಹತ್ತಿರ ತಂದು, ಅದಕ್ಕೆ ಅಕ್ವೇರಿಯಂ ಉಪ್ಪು ಬೆರೆಸಬೇಕು. 200 ಲೀಟರ್ ಟ್ಯಾಂಕಿಗೆ ಸುಮಾರು 7 ಕಿಲೋ ಉಪ್ಪು ಬೇಕು.

ಆರ್‌ಒ ಯಂತ್ರ ಒಂದು ಕೊಡ ಒಳ್ಳೆಯ ನೀರು ಕೊಡಲು ಎರಡು ಮೂರು ಕೊಡ ಹೊರಗೆ ಚೆಲ್ಲುತ್ತದೆ. ನಲ್ಲಿ ನೀರಿಗೆ ಕಾಯ್ದು ಕೂರುವ ಊರಿನಲ್ಲಿ ಆ ನೀರನ್ನು ಗಟಾರಿಗೆ ಬಿಡುವುದು ನನಗೆ ಒಪ್ಪುವುದಿಲ್ಲ. ನಮ್ಮ ಮನೆಯಲ್ಲಿ ಅದು ಬಚ್ಚಲಿಗೆ, ಪಾತ್ರೆ ತೊಳೆಯುವುದಕ್ಕೆ, ಅಂಗಳ ಸಾರಿಸುವುದಕ್ಕೆ ಹೋಗುತ್ತದೆ. ಇದಕ್ಕೆ ವ್ಯವಸ್ಥೆ ಮಾಡಿಕೊಳ್ಳದೆ ಟ್ಯಾಂಕ್ ಇಡಬೇಡಿ.

ಹವಳದ ಮಾತಿಗೆ ಮತ್ತೆ ಬರುತ್ತೇನೆ. ಹವಳ ಗಿಡ ಅಲ್ಲ, ಪ್ರಾಣಿ. ಅದರ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿ ಇರುತ್ತದೆ, ಬಿಸಿಲಿನಿಂದ ಊಟ ತಯಾರಿಸಿ ಹವಳಕ್ಕೆ ಕೊಡುವುದು ಅದೇ. ಸಮುದ್ರ ಅಲ್ಲಿಯ ಬೇಸಿಗೆಯ ಗರಿಷ್ಠಕ್ಕಿಂತ ಒಂದು ಡಿಗ್ರಿ ಹೆಚ್ಚಿಗೆ ಬಿಸಿಯಾಗಿ ಕೆಲವು ವಾರ ಹಾಗೇ ಇದ್ದರೆ ಸಾಕು, ಹವಳ ಆ ಪಾಚಿಯನ್ನು ಹೊರಗೆ ಹಾಕುತ್ತದೆ. ಬಿಳಿಚಿಕೊಳ್ಳುತ್ತದೆ. ನೀರು ಬೇಗ ತಣ್ಣಗಾಗದಿದ್ದರೆ ಹಸಿದು ಸಾಯುತ್ತದೆ. 1998, 2010, 2016ರಲ್ಲಿ ಹೀಗಾಯಿತು. 2024ರ ಏಪ್ರಿಲ್‌ನಲ್ಲಿ ಜಗತ್ತಿನಾದ್ಯಂತದ ಬಿಳಿಚುವಿಕೆ ನಾಲ್ಕನೇ ಸಲ ನಡೆಯುತ್ತಿದೆ ಅಂತ ವಿಜ್ಞಾನಿಗಳು ಘೋಷಿಸಿದರು, ಅದೇ ವರ್ಷ ನಮ್ಮ ಲಕ್ಷದ್ವೀಪದ ಹವಳಗಳೂ ಬಿಳಿಚಿದವು. ಇಂಥ ಕಾಲದಲ್ಲಿ ಉಳಿದಿರುವುದನ್ನು ಉಳಿಯಿಂದ ಒಡೆದು ತಂದು ಡ್ರಾಯಿಂಗ್ ರೂಮಿನಲ್ಲಿ ಇಡುವುದಕ್ಕೆ ನನ್ನ ಮನಸ್ಸು ಒಪ್ಪುವುದಿಲ್ಲ. ಹವಳ ನೋಡಲೇಬೇಕು ಅನ್ನಿಸಿದರೆ ದುಡ್ಡು ಕೂಡಿಟ್ಟು ಮುರುಡೇಶ್ವರಕ್ಕೆ ಹೋಗಿ. ಅಲ್ಲಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಕರೆದುಕೊಂಡು ಹೋಗಿ ನೀರಿಗಿಳಿಸುತ್ತಾರೆ. ಚಿಲ್ಲರ್ ಖರ್ಚಿಗಿಂತ ಕಡಿಮೆಯಲ್ಲೇ ಮುಗಿಯುತ್ತದೆ.

ಹಾಗಾದರೆ ಟ್ಯಾಂಕಿನಲ್ಲಿ ಏನಿಡುವುದು? ಕ್ಲೌನ್ ಮೀನು. ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಇವನ್ನು ತೊಟ್ಟಿಯಲ್ಲೇ ಮರಿ ಮಾಡಿಸುವ ವಿಧಾನವನ್ನು ನಮ್ಮ ದೇಶದಲ್ಲೇ ರೂಪಿಸಿದ್ದಾರೆ. ತೊಟ್ಟಿಯಲ್ಲಿ ಹುಟ್ಟಿ ಬೆಳೆದ ಮೀನು ಸಾಮಾನ್ಯವಾಗಿ ಮನೆಗೆ ತಂದ ಮೇಲೆ ಬೇಗನೇ ಪುಡಿ ಆಹಾರ ತಿನ್ನುತ್ತದೆ. ಸಮುದ್ರದಲ್ಲಿ ಅದು ಆಸರೆ ಪಡೆಯುವ ಅನಿಮೋನ್ ಅನ್ನುವ ಜೀವಿ ಇಲ್ಲದಿದ್ದರೂ ಅದಕ್ಕೆ ಏನೂ ಆಗುವುದಿಲ್ಲ. ಅಂಗಡಿಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಬೆಲೆಯದ್ದಲ್ಲ. "ಇದು ಎಲ್ಲಿ ಹುಟ್ಟಿದ್ದು? ಬಿಲ್ ಕೊಡ್ತೀರಾ?" ಅಂತ ಕೇಳಿ. ತಡವರಿಸಿದರೆ ಅಲ್ಲಿಂದ ಎದ್ದು ಬನ್ನಿ.

ಕಲ್ಲು ಕೂಡ ಸಮುದ್ರದ್ದು ಬೇಡ, ಸಿರಾಮಿಕ್ ಕಲ್ಲು ಸಾಕು. ಮೀನು ತರುವ ಮೊದಲು ನಾಲ್ಕರಿಂದ ಆರು ವಾರ ಮೀನಿಲ್ಲದೆ ಬರೀ ಉಪ್ಪುನೀರು ತುಂಬಿದ ಟ್ಯಾಂಕ್ ಓಡಿಸಿ, ಮೊದಲ ದಿನವೇ ಒಂದಿಷ್ಟು ಮೀನಿನ ಆಹಾರ ಹಾಕಿಬಿಡಿ. ಅದು ಕೊಳೆತು ಅಮೋನಿಯಾ ಆಗುತ್ತದೆ, ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತವೆ, ಇನ್ನೊಂದು ಬಗೆಯವು ನೈಟ್ರೇಟ್ ಮಾಡುತ್ತವೆ. ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಏರಿ ಮತ್ತೆ ಸೊನ್ನೆ ತೋರಿಸುವ ತನಕ ಅಂಗಡಿ ಕಡೆ ಹೋಗಬೇಡಿ. ಮನೆಯವರು ನಗುತ್ತಾರೆ, ಮೀನಿಲ್ಲದ ಟ್ಯಾಂಕ್ ಏನು ನೋಡ್ತೀ ಅಂತಾರೆ. ನೋಡುವುದಕ್ಕೆ ಬೇಕಾದಷ್ಟಿದೆ. ತಿಂಗಳುಗಳು ಕಳೆದ ಹಾಗೆ, ಹೊರಗಿನಿಂದ ಒಂದಿಷ್ಟು ಬೀಜ ಬಿದ್ದರೆ, ಬಿಳಿ ಕಲ್ಲಿನ ಮೇಲೆ ನೇರಳೆ ಪಾಚಿಯ ಮಚ್ಚೆಗಳು ಹಬ್ಬುತ್ತವೆ. ನಮ್ಮ ಟ್ಯಾಂಕಿನಲ್ಲಿ ಲೈಟ್ ಆರಿಸಿ ಟಾರ್ಚ್ ಬಿಟ್ಟರೆ ಗಾಜಿನ ತುಂಬ ರವೆಗಿಂತ ಸಣ್ಣ ಬಿಳಿ ಚುಕ್ಕೆಗಳು ಜಿಗಿಯುತ್ತಿರುತ್ತವೆ. ಕೋಪೆಪಾಡ್ ಅನ್ನುವ ಜೀವಿಗಳು. ಸಮುದ್ರದಲ್ಲಿ ಕಡಲ ಕುದುರೆಯ ಮರಿಗಳು ತಿಂದು ಬೆಳೆಯುವುದು ಇಂಥವನ್ನೇ. ಪಕ್ಕದ ಮನೆ ಹುಡುಗರು ಮೀನು ಬಿಟ್ಟು ಇದನ್ನೇ ನೋಡುತ್ತಾ ನಿಲ್ಲುತ್ತಾರೆ. "ಕಾಕಾ, ಇವು ಜಿಗಿದಾಡಾಕತ್ತಾವ ನೋಡ್ರೀ" ಅಂತ ಕೂಗುತ್ತಾರೆ.

ಕಡಲ ಕುದುರೆ ಮಾರುವವರ ನಂಬರ್ ಕೇಳಿ ಮೆಸೇಜ್ ಮಾಡಬೇಡಿ, ಕೊಡುವುದಿಲ್ಲ. ಯಾರಾದರೂ ಮಾರುತ್ತಿರುವುದು ಕಂಡರೆ ಅರಣ್ಯ ಇಲಾಖೆಗೆ ತಿಳಿಸಿ. ಉಪ್ಪುನೀರಿನ ಟ್ಯಾಂಕ್ ಶುರು ಮಾಡಬೇಕು ಅನ್ನುವವರು ಭಾನುವಾರ ಬೆಳಿಗ್ಗೆ ಮನೆಗೆ ಬನ್ನಿ, ಮುಚ್ಚಳ ಇರುವ ಸಣ್ಣ ಬಕೆಟ್ ತನ್ನಿ. ನನ್ನ ಫಿಲ್ಟರಿನಿಂದ ಬ್ಯಾಕ್ಟೀರಿಯಾ ಹಿಡಿದ ಸಿರಾಮಿಕ್ ರಿಂಗು ಒಂದು ಬೊಗಸೆ, ನೇರಳೆ ಪಾಚಿ ಹತ್ತಿದ ಕಲ್ಲಿನ ಚೂರು ಒಂದೆರಡು ಕೊಟ್ಟು ಕಳಿಸುತ್ತೇನೆ. ನಿಮ್ಮ ಬೋರ್ ನೀರನ್ನೂ ಒಂದು ಬಾಟಲಿಯಲ್ಲಿ ತಂದರೆ ಗಡಸುತನ ಎಷ್ಟಿದೆ ಅಂತ ಅಲ್ಲೇ ನೋಡಿ ಹೇಳುತ್ತೇನೆ. ಆ ನೀರಿಗೆ ಯಾವ ಆರ್‌ಒ ಬೇಕು ಅನ್ನುವುದು ಅದರ ಮೇಲೇ ಗೊತ್ತಾಗುತ್ತದೆ.