ಮೊದಲು ಬಯೋಎಥಿಕ್ಸ್ ಓದಿದರೇನು?

ತತ್ತ್ವಶಾಸ್ತ್ರಕ್ಕೆ ಹೊಸಬರು ಯಾವ ಪುಸ್ತಕವನ್ನು ಮೊದಲು ಕೊಳ್ಳಬೇಕು ಎಂಬ ಲೇಖನವೊಂದನ್ನು ಓದಿದೆ. ಇರುವಿಕೆಯ ಮೂಲ ಸ್ವರೂಪವನ್ನು ಕೆದಕುವ ಮೆಟಾಫಿಸಿಕ್ಸ್ ಅಡಿಪಾಯ, ವೈದ್ಯಕೀಯ ಮತ್ತು ಜೀವವಿಜ್ಞಾನದ ಸರಿತಪ್ಪುಗಳನ್ನು ಚರ್ಚಿಸುವ ಬಯೋಎಥಿಕ್ಸ್ ಅದರ ಮೇಲಿನ ಮಾಳಿಗೆ. ಆದ್ದರಿಂದ ಮೆಟಾಫಿಸಿಕ್ಸ್ ಪುಸ್ತಕವನ್ನೇ ಮೊದಲು ಕೊಳ್ಳಿ ಎಂದು ಅದರ ಲೇಖಕರು ಹೇಳಿದ್ದಾರೆ. ನಾನು ಒಪ್ಪುವುದಿಲ್ಲ. ಅದೇ ಕ್ರಮದಲ್ಲಿ ಹೊರಟು, ಎರಡನೇ ಅಧ್ಯಾಯದಲ್ಲಿ ಪೆನ್ಸಿಲ್ ಸಿಕ್ಕಿಸಿ ಮುಚ್ಚಿಟ್ಟ ಪುಸ್ತಕ ನನ್ನ ಕಪಾಟಿನಲ್ಲಿ ಇನ್ನೂ ಹಾಗೆಯೇ ಇದೆ. ಪೆನ್ಸಿಲ್ ಕೂಡ.

ಬಯೋಎಥಿಕ್ಸ್ ಚರ್ಚಿಸುವ ಮಿದುಳಿನ ಸಾವನ್ನೇ ನೋಡಿ. 1968ರಲ್ಲಿ ಹಾರ್ವರ್ಡ್ ಸಮಿತಿಯೊಂದು ಮರಳಿ ಬಾರದ ಕೋಮಾವನ್ನು ಸಾವಿನ ಹೊಸ ಮಾನದಂಡವಾಗಿ ಮುಂದಿಟ್ಟಿತು. ವೆಂಟಿಲೇಟರಿನ ಬಲದಿಂದ ಎದೆ ಏರಿಳಿಯುತ್ತಿದೆ, ಮೈ ಬೆಚ್ಚಗಿದೆ. ಹಾಗಾದರೆ ಹೋದವರು ಯಾರು, ಉಳಿದದ್ದೇನು? ವ್ಯಕ್ತಿ ಎಂದರೆ ದೇಹವೋ ಪ್ರಜ್ಞೆಯೋ ಎಂಬ ಮೆಟಾಫಿಸಿಕ್ಸ್ ಪ್ರಶ್ನೆ ಇಲ್ಲಿ ತಾನಾಗಿಯೇ ಕೊರಳಪಟ್ಟಿ ಹಿಡಿಯುತ್ತದೆ. ಆ ಹಸಿವು ಹುಟ್ಟಿದ ಮೇಲೆ ಬ್ರಿಟಿಷ್ ತತ್ತ್ವಜ್ಞಾನಿ ಡೆರೆಕ್ ಪಾರ್ಫಿಟ್ ಅವರ ‘ರೀಸನ್ಸ್ ಅಂಡ್ ಪರ್ಸನ್ಸ್’ (1984) ಕೃತಿಯ ಮೂರನೇ ಭಾಗವನ್ನು ತೆರೆಯಿರಿ. ಮನುಷ್ಯನ ಪ್ರತಿಯನ್ನು ಮಂಗಳ ಗ್ರಹದಲ್ಲಿ ರೂಪಿಸುವ ಯಂತ್ರದ ಕಥೆ ಆಗ ಬರೀ ಆಟವೆನಿಸುವುದಿಲ್ಲ.

ಹಾಗೆಂದು ಯಾವ ಬಯೋಎಥಿಕ್ಸ್ ಪುಸ್ತಕವಾದರೂ ಆದೀತೆಂದಲ್ಲ. ಸ್ವಾಯತ್ತತೆ, ಹಿತ, ಹಾನಿ ಮಾಡದಿರುವಿಕೆ, ನ್ಯಾಯ ಎಂಬ ನಾಲ್ಕು ತತ್ತ್ವಗಳನ್ನು ಪ್ರಕರಣಗಳಿಗೆ ಚೀಟಿಯಂತೆ ಅಂಟಿಸುತ್ತಾ ಹೋಗುವ ಪಠ್ಯಗಳು ಪರೀಕ್ಷೆಗೆ ಸಾಕು, ಓದಿಗಲ್ಲ. ಕೊಳ್ಳುವ ಮುನ್ನ ಪರಿವಿಡಿಯನ್ನು ಬಿಟ್ಟು ಕೊನೆಯ ಪದಸೂಚಿಯನ್ನು ನೋಡಿ: ‘ವ್ಯಕ್ತಿತ್ವ’ದ ಎದುರು ಒಂದೇ ಪುಟಸಂಖ್ಯೆ ಇದ್ದರೆ ಪುಸ್ತಕವನ್ನು ಅಲ್ಲಿಯೇ ಇಟ್ಟು ಬನ್ನಿ.