ರಂಗಾಯಣ ರಘು ಮೆಲ್ಲಗೆ ಮಾತಾಡಿದಾಗ

ಹೋದ ವಾರ ಅಮ್ಮ ಊರಿಂದ ಬಂದರು. ರಾತ್ರಿ ಊಟ ಆದ ಮೇಲೆ ಏನಾದ್ರೂ ಸಿನಿಮಾ ಹಾಕು ಅಂದರು. ನಾನು ಮೊದಲೇ ಒಮ್ಮೆ ನೋಡಿದ್ದ ‘ಶಾಖಾಹಾರಿ’ ಹಾಕಿದೆ. ಅರ್ಧ ಗಂಟೆ ಆಗಿರಬೇಕು. ಅಮ್ಮ ಅವರೆಕಾಯಿ ಸುಲಿಯುತ್ತಿದ್ದ ತಟ್ಟೆಯನ್ನು ಪಕ್ಕಕ್ಕಿಟ್ಟು, "ಇವರು ಇಷ್ಟು ಮೆಲ್ಲಗೂ ಮಾತಾಡ್ತಾರಾ?" ಅಂತ ಕೇಳಿದರು. ರಂಗಾಯಣ ರಘು ಅವರ ಬಗ್ಗೆ ಕೇಳಿದ್ದು. ಆ ಮಾತು ತಲೆಯಲ್ಲೇ ಉಳಿದುಬಿಟ್ಟಿದೆ, ಅದಕ್ಕೇ ಇಷ್ಟುದ್ದ ಬರೀತಿದ್ದೇನೆ.

ಅಮ್ಮನ ಪ್ರಶ್ನೆಯಲ್ಲಿ ತಪ್ಪಿಲ್ಲ. ರಘು ಅಂದ ಕೂಡಲೇ ನಮ್ಮ ಕಿವಿಗೆ ಬರುವುದು ಜೋರು ದನಿ, ಒಂದೇ ಉಸಿರಿಗೆ ಸುರಿಯುವ ಮಾತು, ಹುಬ್ಬು, ಬಾಯಿ ಎಲ್ಲ ಕುಣಿಸುವ ಮುಖ. 2007ರ ‘ದುನಿಯಾ’ ಆದಮೇಲಂತೂ ಅವರಿಲ್ಲದ ಸಿನಿಮಾ ಹುಡುಕಬೇಕಿತ್ತು. ಕೊಟ್ಟದ್ದನ್ನು ಅವರು ಚೆನ್ನಾಗಿಯೇ ಮಾಡಿದರು, ನಾವು ನಕ್ಕೆವು. ಆದರೆ ಅವರ ಹೆಸರಿನ ಮುಂದೆಯೇ ಇದೆಯಲ್ಲ ರಂಗಾಯಣ ಅಂತ! ಮೈಸೂರಿನಲ್ಲಿ 1989ರಲ್ಲಿ ಬಿ.ವಿ. ಕಾರಂತರು ಕಟ್ಟಿ ಬೆಳೆಸಿದ ತಂಡ ಅದು. ಬೆಳಗಿಂದ ಸಂಜೆವರೆಗೆ ನಾಟಕವನ್ನೇ ಉಸಿರಾಡಿದವರು ಅಲ್ಲಿಂದ ಬಂದವರು. ರಂಗದ ಮೇಲೆ ಸುಮ್ನೆ ನಿಲ್ಲುವುದನ್ನೂ ಕಲಿತವರು. ಅಂಥವರನ್ನು ಒಂದು ಹಾಡಿಗೂ ಒಂದು ಫೈಟಿಗೂ ನಡುವಿನ ಜಾಗ ತುಂಬಿಸಲು ಎಷ್ಟೋ ವರ್ಷ ಬಳಸಿದೆವು. ಇದು ನನಗೆ ನಿಜವಾಗಿ ಬೇಜಾರಿನ ವಿಷಯ.

2024ರ ಫೆಬ್ರವರಿಯಲ್ಲಿ ಬಂದ ‘ಶಾಖಾಹಾರಿ’ಯಲ್ಲಿ ಅವರು ಸುಬ್ಬಣ್ಣ. ಮಲೆನಾಡಿನ ಒಂದು ಸಣ್ಣ ಸಸ್ಯಾಹಾರಿ ಹೋಟೆಲ್ ನಡೆಸುವ ಒಂಟಿ ಮನುಷ್ಯ. ಗಾಯ ಮಾಡಿಕೊಂಡ ಒಬ್ಬ ಹುಡುಗ ಅವನ ಹೋಟೆಲಿಗೆ ಬಂದು ಸೇರಿಕೊಳ್ಳುತ್ತಾನೆ. ಮುಂದಿನದು ಹೇಳಲ್ಲ, ನೋಡದವರು ನೋಡಿ. ನಾನು ಹೇಳಬೇಕಾದ್ದು ಆ ಕೈಗಳ ಬಗ್ಗೆ. ದಿನವಿಡೀ ಒಲೆ ಮುಂದೆ ನಿಂತವರಿಗೆ ಇರುತ್ತಲ್ಲ, ಕೈ ತನ್ನ ಪಾಡಿಗೆ ಕೆಲಸ ಮಾಡುತ್ತಿರುತ್ತೆ, ಮನಸ್ಸು ಬೇರೆಲ್ಲೋ ಇರುತ್ತೆ, ಆ ಥರ. ಅಮ್ಮನಿಗೆ ನಮ್ಮೂರ ಬಸ್ ಸ್ಟ್ಯಾಂಡ್ ಹತ್ತಿರದ ಹೋಟೆಲಿನ ಭಟ್ಟರು ನೆನಪಾದರು. ಅವರು ತಲೆ ಎತ್ತದೇ "ಏನು ಕೊಡ್ಲಿ" ಅಂತ ಕೇಳುತ್ತಿದ್ದರು, ದನಿ ಕೇಳಿಯೇ ಯಾರು ಬಂದದ್ದು ಅಂತ ಗೊತ್ತಾಗುತ್ತಿತ್ತು ಅವರಿಗೆ. ಅವರ ಮನೆಯಲ್ಲಿ ಯಾರ್ಯಾರಿದ್ದರು, ಅವರಿಗೆ ಏನು ಇಷ್ಟ, ಇದೆಲ್ಲ ಯಾವತ್ತೂ ನಾವು ಕೇಳಿದ್ದೇ ಇಲ್ಲ ಅಂದರು ಅಮ್ಮ. ಆಮೇಲೆ ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ.

ಅದರಲ್ಲೇ ಪೊಲೀಸ್ ಆಗಿ ಗೋಪಾಲಕೃಷ್ಣ ದೇಶಪಾಂಡೆ ಇದ್ದಾರೆ. ‘ಗರುಡ ಗಮನ ವೃಷಭ ವಾಹನ’ದಲ್ಲೂ ಅವರದು ಪೊಲೀಸ್ ಪಾತ್ರವೇ. ಆದರೆ ಅಲ್ಲಿ ಕಂಡ ಮನುಷ್ಯ ಇಲ್ಲಿಲ್ಲ, ಬಟ್ಟೆ ಮಾತ್ರ ಒಂದೇ. ಸಿನಿಮಾದ ಎರಡನೇ ಅರ್ಧದಲ್ಲಿ ಕೆಲವು ಘಟನೆಗಳು ಕತೆಗೆ ಬೇಕು ಅಂತಲೇ ನಡೆದಂತಿವೆ, ಅದು ನನಗೆ ಹಿಡಿಸಲಿಲ್ಲ. ಇವರಿಬ್ಬರು ಎದುರುಬದುರು ಆದಾಗ ಅದೆಲ್ಲ ಮರೆತುಹೋಗುತ್ತೆ.

ಇನ್ನು ‘ಅಜ್ಞಾತವಾಸಿ’. 2025ರ ಏಪ್ರಿಲ್‌ನಲ್ಲಿ ಬಂತು. ಜನಾರ್ದನ್ ಚಿಕ್ಕಣ್ಣ ನಿರ್ದೇಶನ, ಹೇಮಂತ್ ರಾವ್ ನಿರ್ಮಾಣ. ಬಿಡುಗಡೆಯಾದ ನಾಲ್ಕನೇ ದಿನ ಆಫೀಸಿಂದ ಬೇಗ ಹೊರಟು ನಾನೂ ನಮ್ಮೆಜಮಾನ್ರೂ ಹೋದೆವು. ಕೌಂಟರ್‌ನಲ್ಲಿದ್ದವರು "ಹತ್ತು ಜನ ಆದ್ರೆ ಹಾಕ್ತೀವಿ ಮೇಡಂ, ಸ್ವಲ್ಪ ಕಾಯಿರಿ" ಅಂದರು. ಕಾದೆವು. ಕಾಲೇಜು ಹುಡುಗರು ಇಬ್ಬರು, ಕೈಯಲ್ಲಿ ತರಕಾರಿ ಚೀಲ ಹಿಡಿದ ಒಬ್ಬರು ಹಿರಿಯರು, ನಾವಿಬ್ಬರು. ಒಟ್ಟು ಐದು. ಆ ಹಿರಿಯರು ರಸ್ತೆಗೆ ಹೋಗಿ ಆ ಕಡೆ ಈ ಕಡೆ ನೋಡಿ ಬಂದರು, ಯಾರಾದರೂ ಬರುತ್ತಿದ್ದಾರಾ ಅಂತ. ಇಪ್ಪತ್ತು ನಿಮಿಷ ಆದಮೇಲೆ ಶೋ ಇಲ್ಲ ಅಂದರು. ಥಿಯೇಟರ್‌ನವರನ್ನು ಬೈಯುವುದಕ್ಕೆ ನನಗೆ ಮನಸ್ಸಿಲ್ಲ, ಅವರಿಗೂ ಕರೆಂಟ್ ಬಿಲ್ ಇದೆ. ಆದರೆ ಅವತ್ತು ತಿರುಗಿ ಬರುವಾಗ ಆದ ಸಂಕಟ ಇನ್ನೂ ಇದೆ.

ಕೊನೆಗೆ ಅದನ್ನು ಓಟಿಟಿಯಲ್ಲೇ ನೋಡಿದ್ದು. ತೊಂಬತ್ತರ ದಶಕದ ಕೊನೆಯ ಮಲೆನಾಡಿನ ಹಳ್ಳಿ. ಕೇಸೇ ಇಲ್ಲದ ಪೊಲೀಸ್ ಸ್ಟೇಷನ್. ಊರಿಗೆ ಮೊದಲ ಕಂಪ್ಯೂಟರ್ ಬರುತ್ತೆ, ಊರಿನ ದೊಡ್ಡವರೊಬ್ಬರು ಸಾಯುತ್ತಾರೆ. ನಮ್ಮ ಶಾಲೆಗೆ ಮೊದಲ ಕಂಪ್ಯೂಟರ್ ಬಂದಾಗ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕಿತ್ತು, ಮೇಲೆ ಹೊದಿಸಿದ್ದ ಬಟ್ಟೆ ತೆಗೆಯುವುದನ್ನು ನೋಡಲೆಂದೇ ಸಾಲಾಗಿ ನಿಲ್ಲುತ್ತಿದ್ದೆವು. ಆ ಕಾಲವನ್ನು ಈ ಸಿನಿಮಾ ಸರಿಯಾಗಿ ಹಿಡಿದಿದೆ. ನಿಧಾನ ಅಂತ ತುಂಬ ಜನ ಹೇಳಿದರು. ಹೌದು, ನಿಧಾನವೇ. ಮೊದಲರ್ಧದಲ್ಲಿ ನನಗೂ ಎರಡು ಮೂರು ಕಡೆ ಸಾಕು ಮುಂದೆ ಹೋಗಲಿ ಅನ್ನಿಸಿತು. ಆದರೆ ರಘು ಅವರ ಆ ಪೊಲೀಸ್ ಅಧಿಕಾರಿ ಏನನ್ನೋ ನುಂಗಿಕೊಂಡು ಬದುಕುತ್ತಿರುವ ಮನುಷ್ಯ. ಅದನ್ನು ಬಾಯಿಬಿಟ್ಟು ಹೇಳದೇ ಮುಖದಲ್ಲೇ ಇಟ್ಟುಕೊಂಡು ಕೊನೆವರೆಗೂ ತರುತ್ತಾರೆ. ಮಳೆ, ಕತ್ತಲು, ಆ ಮುಖ, ಇದನ್ನು ದೊಡ್ಡ ಪರದೆಯಲ್ಲಿ ನೋಡಬೇಕಿತ್ತು. ಲ್ಯಾಪ್‌ಟಾಪಿನಲ್ಲಿ ನೋಡಿದೆ. ಹೊಟ್ಟೆ ಉರಿಯುತ್ತೆ.

ಇದರ ಪೂರ್ತಿ ಉಲ್ಟಾ ಆಗಿದ್ದು ಅದೇ ವರ್ಷ ಜುಲೈನಲ್ಲಿ, ‘ಸು ಫ್ರಮ್ ಸೋ’ ಬಂದಾಗ. ಸೋಮೇಶ್ವರದ ಸುಲೋಚನಾ ಅನ್ನುವುದೇ ಹೆಸರಿನ ಅರ್ಥ. ಪೋಸ್ಟರ್‌ನಲ್ಲಿ ಸ್ಟಾರ್ ಇಲ್ಲ. ಕರಾವಳಿಯ ಒಂದು ಊರು, ಊರಿನ ಜನ, ಅಷ್ಟೇ. ಬರೆದು ನಿರ್ದೇಶಿಸಿದ, ಅಶೋಕನ ಪಾತ್ರವನ್ನೂ ಮಾಡಿದ ಜೆ.ಪಿ. ತುಮಿನಾಡು ತುಳು ನಾಟಕದಿಂದ ಬಂದವರು, ಇದರಲ್ಲಿ ನಟಿಸಿದ ಪ್ರಕಾಶ್ ತುಮಿನಾಡು ಕೂಡ. ಶುಕ್ರವಾರ ಶೋಗಳು ಕಡಿಮೆ ಇದ್ದವು. ನೋಡಿದವರು ನೋಡದವರಿಗೆ ಹೇಳಿದರು, ಭಾನುವಾರಕ್ಕೆ ಟಿಕೆಟ್ಟೇ ಇಲ್ಲ. ನಾವು ಮುಂದಿನ ವಾರ ನೋಡಿದ್ದು. ನಗುವಿನಲ್ಲಿ ಅರ್ಧ ಡೈಲಾಗ್ ಕೇಳಿಸಲೇ ಇಲ್ಲ. ಊರಿನ ಎಲ್ಲ ಕೆಲಸಕ್ಕೂ ಮುಂದೆ ನಿಲ್ಲುವ ರವಿಯಣ್ಣನಾಗಿ ಶನೀಲ್ ಗೌತಮ್ ನಿಂತ ಭಂಗಿ ನೋಡಿಯೇ ಪಕ್ಕದ ಸೀಟಿನ ಅಜ್ಜ ಮೊದಲೇ ನಗಲು ಶುರು ಮಾಡುತ್ತಿದ್ದರು. ಅವರು ಅದರ ಹಿಂದಿನ ವಾರವೂ ನೋಡಿದ್ದರಂತೆ.

ಒಂದು ತಕರಾರು ಇದೆ, ಅದನ್ನು ಹೇಳಲೇಬೇಕು. ಆ ಕತೆ ಶುರುವಾಗುವುದು ಹುಡುಗಿ ಸ್ನಾನ ಮಾಡುವಲ್ಲಿ ಇಣುಕಲು ಹೋದವನಿಂದ. ಅದಕ್ಕೆ ಥಿಯೇಟರ್ ನಕ್ಕಿತು. ಮುಂದೆ ಅದೇ ಸಿನಿಮಾ ಒಬ್ಬ ಹೆಣ್ಣಿನ ಕಷ್ಟದ ಬಗ್ಗೆ ಗಟ್ಟಿಯಾಗಿ ಮಾತಾಡುತ್ತೆ, ಅದು ನನಗೆ ತುಂಬ ಇಷ್ಟವಾಯಿತು. ಆದರೆ ಮೊದಲ ಹುಡುಗಿಯನ್ನು ಸಿನಿಮಾ ಮರೆತೇಬಿಟ್ಟಿತು ಅನ್ನಿಸಿತು. ಇಷ್ಟು ಒಳ್ಳೆ ಬರವಣಿಗೆ ಇರುವ ಕಡೆ ಅವಳ ಬಗ್ಗೆಯೂ ಒಂದು ಮಾತು ಬೇಕಿತ್ತು.

ಈ ಮೂರೂ ಸಿನಿಮಾಗಳಲ್ಲಿ ನಡುವೆ ನಿಂತಿರುವವರು ಇಷ್ಟು ದಿನ ನಾವು ಪಕ್ಕದಲ್ಲಿ ನೋಡಿದವರು, ಇಲ್ಲವೇ ನೋಡದೇ ಇದ್ದವರು. ನಾಟಕದಲ್ಲಿ ಪಳಗಿದವರಿಗೆ ಬಾಯಿಪಾಠದ ಎರಡು ಸೀನ್ ಬದಲು ಎರಡು ಗಂಟೆ ಕೊಟ್ಟರೆ ಏನು ಮಾಡುತ್ತಾರೆ ಅಂತ ಈಗ ಕಣ್ಣಮುಂದೆ ಇದೆ. ದುಡ್ಡಿನ ಮಾತು ಬರುತ್ತೆ, ಗೊತ್ತು. ಟಿಕೆಟ್‌ಗೆ 200 ರೂಪಾಯಿ ಮಿತಿ ಅಂತ 2025ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ನಿಯಮ ಮಾಡಿತು, ಅದೇ ತಿಂಗಳು ಹೈಕೋರ್ಟ್ ತಡೆ ಕೊಟ್ಟಿತು. ಮನೆಮಂದಿಯೆಲ್ಲ ಹೋದರೆ ಎಷ್ಟಾಗುತ್ತೆ ಅಂತ ನಾನೂ ಲೆಕ್ಕ ಹಾಕುವವಳೇ. ಸ್ಟಾರ್ ಸಿನಿಮಾಗೆ ಮೊದಲ ದಿನ ಆ ಲೆಕ್ಕ ಹಾಕದ ನಾವು ಇವರಿಗೆ ಮಾತ್ರ ಓಟಿಟಿಗೆ ಬರಲಿ ಅಂತೀವಲ್ಲ, ಅದು ಸರಿಯಲ್ಲ ಕಣ್ರೀ. ಓಟಿಟಿಗೆ ಬಂದಮೇಲೆ "ಎಂಥಾ ಸಿನಿಮಾ, ಥಿಯೇಟರ್‌ನಲ್ಲಿ ಯಾಕೆ ಓಡಲಿಲ್ಲ" ಅಂತ ಬರೆಯುವವರೂ ನಾವೇ.

ಹೆಗ್ಗೋಡಿನ ರಂಗಸಂಸ್ಥೆ ನೀನಾಸಂನಿಂದ ಬಂದ ನಟ ಅಚ್ಯುತ್ ಕುಮಾರ್ ಅವರನ್ನು ಹೀಗೇ ನಡುವೆ ಕೂರಿಸಿ ಎರಡು ಗಂಟೆ ನೋಡಬೇಕು ಅಂತ ನನಗೆ ಆಸೆ. ಅಮ್ಮ ನಾಳೆ ಊರಿಗೆ ಹೊರಡುತ್ತಾರೆ. ಬ್ಯಾಗ್ ತುಂಬಿಸುತ್ತಾ ಕೇಳಿದರು, ರಘು ಅವರ ಮುಂದಿನ ಸಿನಿಮಾ ಬಂದರೆ ಫೋನ್ ಮಾಡು, ನಮ್ಮೂರ ಟಾಕೀಸಿಗೆ ಬರುತ್ತಾ ವಿಚಾರಿಸ್ತೀನಿ ಅಂತ.