ಆಸ್ಪತ್ರೆಯ ಲಿಫ್ಟಿನಲ್ಲಿ ಮಂಚ ಹಿಡಿಸುತ್ತದೆಯೇ?

ಹೊಸ ಆಸ್ಪತ್ರೆಯೊಂದು ಬಾಗಿಲು ತೆರೆದಾಗ ಎಷ್ಟು ಹಾಸಿಗೆಗಳಿವೆ, ಐಸಿಯು ಇದೆಯೇ, ಸ್ಕ್ಯಾನಿಂಗ್ ಯಂತ್ರ ಯಾವುದು ಎಂಬುದನ್ನೆಲ್ಲ ಫಲಕದಲ್ಲಿ ದೊಡ್ಡ ಅಕ್ಷರಗಳಲ್ಲಿ ಬರೆಸುತ್ತಾರೆ. ರೋಗಿ ಮಲಗಿರುವ ಮಂಚವನ್ನು ಹಾಗೆಯೇ ತಳ್ಳಿಕೊಂಡು ಮಹಡಿಯಿಂದ ಮಹಡಿಗೆ ಒಯ್ಯಬಲ್ಲ ಲಿಫ್ಟ್ ಇದೆಯೇ ಎಂದು ಅವರೂ ಬರೆಸುವುದಿಲ್ಲ, ನಾವೂ ಕೇಳುವುದಿಲ್ಲ. ಆಸ್ಪತ್ರೆ ಕಟ್ಟಡಗಳ ನಿರ್ವಹಣೆಯಲ್ಲಿಯೇ ಬಹುಕಾಲ ದುಡಿದಿರುವ ನನಗೆ, ವೆಂಟಿಲೇಟರ್, ಮಾನಿಟರ್‌ಗಳ ಸಾಲಿನಲ್ಲೇ ಬೆಡ್ ಲಿಫ್ಟನ್ನೂ ಚಿಕಿತ್ಸೆಯ ಉಪಕರಣವೆಂದು ಎಣಿಸಬೇಕು ಎಂಬ ಅಭಿಪ್ರಾಯ ವರ್ಷದಿಂದ ವರ್ಷಕ್ಕೆ ಗಟ್ಟಿಯಾಗುತ್ತ ಬಂದಿದೆ. ಕಾರಣಗಳನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಮೊದಲು ಅಳತೆಯ ವಿಚಾರ. ಅಪಾರ್ಟ್‌ಮೆಂಟುಗಳಲ್ಲಿ ದಿನವೂ ಬಳಸುವ 8 ಜನರ ಲಿಫ್ಟಿನ ಒಳಗಿನ ಅಗಲ, ಭಾರತೀಯ ಮಾನಕ ಐಎಸ್ 14665ರ ಪ್ರಕಾರ, 1300 ಮಿಲಿಮೀಟರ್. ಆಳ 1100 ಮಿಲಿಮೀಟರ್. ವಾರ್ಡಿನ ಸಾಮಾನ್ಯ ಮಂಚವೇ ಎರಡು ಮೀಟರಿಗಿಂತ ತುಸು ಉದ್ದವಿರುತ್ತದೆ. ಆದ್ದರಿಂದಲೇ ಅದೇ ಮಾನಕದಲ್ಲಿ ಆಸ್ಪತ್ರೆಯ ಲಿಫ್ಟುಗಳಿಗೆ ಬೇರೆಯದೇ ಕೋಷ್ಟಕವಿದೆ. ಒಬ್ಬರಿಗೆ 68 ಕಿಲೋ ಎಂಬ ಲೆಕ್ಕದಲ್ಲಿ 15 ಜನರ 1020 ಕಿಲೋ, 20 ಜನರ 1360 ಕಿಲೋ, 26 ಜನರ 1768 ಕಿಲೋ ಸಾಮರ್ಥ್ಯದ ಲಿಫ್ಟುಗಳು ಅದರಲ್ಲಿವೆ. ಮೂರರ ಆಳವೂ 2400 ಮಿಲಿಮೀಟರ್. ಅಗಲ ಮಾತ್ರ ಕ್ರಮವಾಗಿ 1000, 1300, 1600 ಮಿಲಿಮೀಟರ್.

ಮನೆಗೆಂದೋ ಅಂಗಡಿ ಮಳಿಗೆಗಳಿಗೆಂದೋ ಕಟ್ಟಿದ ಕಟ್ಟಡವನ್ನು ಬಾಡಿಗೆಗೆ ಹಿಡಿದು ನರ್ಸಿಂಗ್ ಹೋಮ್ ಮಾಡುವುದು ಬೆಂಗಳೂರಿನಲ್ಲೂ ತಾಲ್ಲೂಕು ಕೇಂದ್ರಗಳಲ್ಲೂ ಹೊಸದೇನಲ್ಲ. ಅಂಥ ಕಡೆ ಗೋಡೆ ಒಡೆದು ಓಟಿ ಕಟ್ಟುತ್ತಾರೆ, ಆಕ್ಸಿಜನ್ ಪೈಪು ಎಳೆಸುತ್ತಾರೆ. ಲಿಫ್ಟ್ ಮಾತ್ರ ಇದ್ದದ್ದೇ ಇರುತ್ತದೆ. ಮೂರನೆಯ ಮಹಡಿಯಲ್ಲಿ ಸಿಸೇರಿಯನ್ ಆದ ಬಾಣಂತಿಯನ್ನು ಎರಡನೆಯ ಮಹಡಿಯ ವಾರ್ಡಿಗೆ ಕರೆತರಬೇಕಾದರೆ ಒಂದೋ ಗಾಲಿಕುರ್ಚಿಯಲ್ಲಿ ಕೂರಿಸಬೇಕು, ಇಲ್ಲವೇ ನಾಲ್ವರು ಬೆಡ್‌ಶೀಟಿನ ನಾಲ್ಕು ಮೂಲೆ ಹಿಡಿದು ಮೆಟ್ಟಿಲಿಳಿಸಬೇಕು. ಬೆನ್ನಿಗೆ ಅರಿವಳಿಕೆ ಕೊಟ್ಟಿರುವವರ ಕಾಲುಗಳಲ್ಲಿ ಇನ್ನೂ ಸ್ಪರ್ಶ ಬಂದಿರುವುದಿಲ್ಲ, ಎಬ್ಬಿಸಿ ಕೂರಿಸಿದರೆ ರಕ್ತದೊತ್ತಡ ಕುಸಿಯುವ ಸಂಭವವಿರುತ್ತದೆ, ಹೊಟ್ಟೆಯ ಹೊಲಿಗೆ ಹಸಿಯಾಗಿರುತ್ತದೆ. ಇದು ಗೊತ್ತಿದ್ದೂ ಕೂರಿಸುವುದು ಸಿಬ್ಬಂದಿಯ ನಿರ್ಲಕ್ಷ್ಯದಿಂದಲ್ಲ. ಆ ಕಟ್ಟಡದಲ್ಲಿ ಅವರಿಗೆ ಬೇರೆ ದಾರಿಯನ್ನೇ ಉಳಿಸಿಲ್ಲ.

ಜಾಗದ ಲೆಕ್ಕವನ್ನು ಮಾಲೀಕರು ಮುಂದಿಡುತ್ತಾರೆ. 8 ಜನರ ಲಿಫ್ಟ್ ಓಡಾಡುವ ಶಾಫ್ಟಿಗೂ 26 ಜನರ ಬೆಡ್ ಲಿಫ್ಟಿನ ಶಾಫ್ಟಿಗೂ ಇರುವ ವ್ಯತ್ಯಾಸ ಪ್ರತಿ ಮಹಡಿಗೆ ಸುಮಾರು 40 ಚದರ ಅಡಿ. ಒಂದು ಸಣ್ಣ ಔಷಧಿ ಕೌಂಟರಿನಷ್ಟು ಜಾಗ. ಆಸ್ಪತ್ರೆ ಕಟ್ಟಲು ಹೊರಟವರು ಇಷ್ಟನ್ನು ಬಿಟ್ಟುಕೊಡಲಾರದಷ್ಟು ಬಡವರೆಂದು ನಾನು ಒಪ್ಪುವುದಿಲ್ಲ.

ಮಾನಕದ ಅತಿ ಚಿಕ್ಕ ಬೆಡ್ ಲಿಫ್ಟ್ ಹಾಕಿಸಿ ಕೈತೊಳೆದುಕೊಳ್ಳುವವರ ಬಗ್ಗೆಯೂ ನನಗೆ ತಕರಾರಿದೆ. ಐಸಿಯುವಿನಿಂದ ರೋಗಿಯೊಬ್ಬರನ್ನು ಸಿಟಿ ಸ್ಕ್ಯಾನಿಗೆ ಒಯ್ಯುವಾಗ ಯಾರ‍್ಯಾರು, ಏನೇನು ಜೊತೆಗೆ ಹೋಗಬೇಕು ಎಂದು ಒಮ್ಮೆ ನೋಡಿ. ತಲೆಯ ಬಳಿ ಒಬ್ಬರು ಕೈಯಿಂದ ಉಸಿರು ತುಂಬುವ ಅಂಬು ಬ್ಯಾಗ್ ಒತ್ತುತ್ತಿರುತ್ತಾರೆ, ಅವರ ಕಣ್ಣು ಬಾಯಿಯೊಳಗಿನ ಟ್ಯೂಬಿನ ಮೇಲೇ ಇರಬೇಕು. ಕಾಲ ಬಳಿ ಮಾನಿಟರ್, ಪಕ್ಕದ ಕಂಬಿಗೆ ಸಿರಿಂಜ್ ಪಂಪು, ಕೆಳಗೆ ಆಕ್ಸಿಜನ್ ಸಿಲಿಂಡರ್, ಮಂಚ ತಳ್ಳುವ ವಾರ್ಡ್ ಬಾಯ್, ಫೈಲು ಹಿಡಿದ ಸಿಸ್ಟರ್. ಕಂಬಿಗಳೂ ಸೇರಿದರೆ ಐಸಿಯು ಮಂಚದ ಅಗಲವೇ ಹೆಚ್ಚುಕಡಿಮೆ ಒಂದು ಮೀಟರ್. 1000 ಮಿಲಿಮೀಟರ್ ಅಗಲದ ಲಿಫ್ಟಿಗೆ ಅದು ನುಗ್ಗಿದರೂ ಗೋಡೆಗೆ ಉಜ್ಜಿಕೊಂಡೇ ನುಗ್ಗಬೇಕು, ಪಕ್ಕದಲ್ಲಿ ಮನುಷ್ಯ ನಿಲ್ಲುವ ಮಾತೇ ಇಲ್ಲ. ಎರಡು ಮಹಡಿಗಳ ನಡುವೆ ಹೃದಯ ನಿಂತರೆ ನಿಮಿಷಕ್ಕೆ 100ರಿಂದ 120 ಬಾರಿ, ಎದೆ ಐದಾರು ಸೆಂಟಿಮೀಟರ್ ತಗ್ಗುವಂತೆ ಒತ್ತಬೇಕು. ಅದನ್ನು ಮಂಚದ ಪಕ್ಕದಲ್ಲಿ ನಿಂತೇ ಮಾಡಬೇಕು, ಕಾಲ ಬುಡದಲ್ಲಿ ನಿಂತು ಮಾಡಲಾಗದು. ಆದ್ದರಿಂದ ಮೇಲಿನ ಮಹಡಿಗಳಲ್ಲಿ ಐಸಿಯು ಇರುವ ಯಾವುದೇ ಆಸ್ಪತ್ರೆಯಲ್ಲಿ ಕನಿಷ್ಠ ಒಂದು ಲಿಫ್ಟಾದರೂ 1600 ಮಿಲಿಮೀಟರ್ ಅಗಲದ್ದಾಗಿರಲೇಬೇಕು ಎಂಬುದು ನನ್ನ ಖಚಿತ ನಿಲುವು.

ಗಾತ್ರ ಸರಿಯಿದ್ದರೂ ಲಿಫ್ಟ್ ಎಲ್ಲಿ ನಿಲ್ಲುತ್ತದೆ ಎಂಬುದು ಉಳಿಯುತ್ತದೆ. ನಡೆದು ಒಳಬರುವವರಿಗೆ ಎರಡು ಸೆಂಟಿಮೀಟರಿನ ಏರುಪೇರು ಕಾಲಿಗೆ ತಿಳಿಯುವುದೂ ಇಲ್ಲ. ಮಂಚದ ಸಣ್ಣ ಗಾಲಿಗೆ ಅದೇ ಒಂದು ಮೆಟ್ಟಿಲು. ನಾನು ಕೆಲಸ ಮಾಡಿದ ಒಂದು ಕಡೆ ತೊಡೆಮೂಳೆ ಮುರಿದುಕೊಂಡ ಅಜ್ಜಿಯೊಬ್ಬರನ್ನು ಎಕ್ಸ್‌ರೇಗೆ ಇಳಿಸುವಾಗ ಲಿಫ್ಟ್ ನೆಲಮಟ್ಟಕ್ಕಿಂತ ತುಸು ಕೆಳಗೆ ನಿಂತಿತ್ತು. ವಾರ್ಡ್ ಬಾಯ್ ಅನುಭವಸ್ಥ. ತಳ್ಳುವುದನ್ನು ನಿಲ್ಲಿಸಿ, "ಅಜ್ಜೀ, ಒಂದೇ ಒಂದು ಜರ್ಕು ಬರ್ತದೆ, ಹಲ್ಲು ಕಚ್ಕೊಳ್ಳಿ" ಎಂದು ಮೊದಲೇ ಹೇಳಿದ. ಮುಂದಿನ ಗಾಲಿಗಳು ದಡಕ್ಕನೆ ಇಳಿದವು, ಅಜ್ಜಿ ಅವನ ಮಣಿಕಟ್ಟನ್ನು ಉಗುರು ನಾಟುವಂತೆ ಹಿಡಿದುಕೊಂಡರು, ಹಿಂದಿನ ಗಾಲಿಗಳು ಇಳಿಯುವುದು ಇನ್ನೂ ಬಾಕಿಯಿತ್ತು. ಪರಿಶೀಲಿಸಿದಾಗ ಬ್ರೇಕಿನ ಲೈನಿಂಗ್ ಸವೆದಿರುವುದು ಕಂಡಿತು. ಹಳೆಯ ಎರಡು ವೇಗದ ಮೋಟಾರುಗಳ ಲಿಫ್ಟು ನಿಲ್ಲುವುದು ಬ್ರೇಕಿನ ಹಿಡಿತದಿಂದ, ಹಾಗಾಗಿ ಸವೆತಕ್ಕೆ ತಕ್ಕಂತೆ, ಒಳಗಿರುವ ಭಾರಕ್ಕೆ ತಕ್ಕಂತೆ ನಿಲ್ಲುವ ಜಾಗವೂ ಬದಲಾಗುತ್ತದೆ. ಮೋಟಾರಿನ ವೇಗವನ್ನು ಎಲೆಕ್ಟ್ರಾನಿಕ್ ಆಗಿ, ನಯವಾಗಿ ತಗ್ಗಿಸುವ ವಿವಿವಿಎಫ್ ಡ್ರೈವ್ ಇರುವ ಲಿಫ್ಟುಗಳಲ್ಲಿ ಈ ತೊಂದರೆ ಬಹಳ ಕಡಿಮೆ. ಯುರೋಪಿನ ಇಎನ್ 81-20 ಮಾನದಂಡ ಲಿಫ್ಟು ನಿಲ್ಲುವಾಗ 10 ಮಿಲಿಮೀಟರಿಗಿಂತ ಹೆಚ್ಚು ಹೆಚ್ಚುಕಡಿಮೆಯಾಗಬಾರದು ಎನ್ನುತ್ತದೆ. ತಿಂಗಳ ಸರ್ವೀಸಿಗೆ ಬರುವ ಮೆಕ್ಯಾನಿಕ್ ಖಾಲಿ ಲಿಫ್ಟನ್ನು ಮೇಲೆ ಕೆಳಗೆ ಓಡಿಸಿ ಸಹಿ ಮಾಡಿಸಿಕೊಂಡರೆ ಸಾಲದು. ಮಂಚವನ್ನು ಒಳಗೆ ತಳ್ಳಿ, ಪ್ರತಿ ಮಹಡಿಯಲ್ಲೂ ಅಳತೆಪಟ್ಟಿ ಹಿಡಿದು ನೋಡಿಸಬೇಕು.

ಬಾಗಿಲಿನ ಸೆನ್ಸರ್ ಕೂಡ ಹೀಗೆಯೇ ಗಮನಕ್ಕೆ ಬಾರದ ಸಂಗತಿ. ಮೊಣಕಾಲಿನ ಎತ್ತರದಲ್ಲಿ ಒಂದೇ ಕಿರಣ ಹಾಯುವ ಹಳೆಯ ಸೆನ್ಸರಿಗೆ ಮಂಚದ ಕೆಳಗಿನ ಖಾಲಿ ಜಾಗವಷ್ಟೇ ಕಾಣುತ್ತದೆ; ದಾರಿಯಲ್ಲಿ ಏನೂ ಇಲ್ಲವೆಂದುಕೊಂಡು ಬಾಗಿಲು ಬಂದು ಕಂಬಿಗೆ ಬಡಿಯುತ್ತದೆ. ಮೇಲಿನಿಂದ ಕೆಳಗಿನವರೆಗೂ ಕಿರಣಗಳ ಪರದೆ ಇರುವ ಸೆನ್ಸರ್ ಹಾಕಿಸುವುದು ದೊಡ್ಡ ಖರ್ಚಲ್ಲ.

ಇನ್ನು ಲಿಫ್ಟ್ ಆಪರೇಟರ್. ಖರ್ಚು ಕಡಿತದ ಮಾತು ಬಂದಾಗ ಮೊದಲು ಹೋಗುವುದು ಇವರ ಕೆಲಸ, ಅದರಲ್ಲೂ ರಾತ್ರಿ ಪಾಳಿಯದು. ಬೆಡ್ ಲಿಫ್ಟಿನಲ್ಲಿ ಕೀಲಿ ತಿರುಗಿಸಿದರೆ ಬೇರೆ ಮಹಡಿಗಳ ಕರೆಗಳನ್ನು ಲೆಕ್ಕಿಸದೆ ನೇರವಾಗಿ ಹೇಳಿದ ಮಹಡಿಗೆ ಹೋಗುವ ಸೌಲಭ್ಯವಿರುತ್ತದೆ. ಆಪರೇಟರ್ ಇಲ್ಲದ ಕಡೆ ಆ ಕೀಲಿ ಯಾರದೋ ಮೇಜಿನ ಡ್ರಾಯರಿನಲ್ಲಿರುತ್ತದೆ. ಸಂಜೆಯ ಭೇಟಿಯ ಹೊತ್ತಿನಲ್ಲಿ ಲಿಫ್ಟು ಪ್ರತಿ ಮಹಡಿಯಲ್ಲೂ ನಿಂತು, ಊಟದ ಡಬ್ಬಿ ಹಿಡಿದ ನೆಂಟರು ಒಳಗಿನ ಮಂಚವನ್ನು ನೋಡಿ ಮುಜುಗರದಿಂದ ಹಿಂದೆ ಸರಿದು, ಬಾಗಿಲು ಮುಚ್ಚಿ ಮತ್ತೆ ಹೊರಡುವಷ್ಟರಲ್ಲಿ ಓಟಿಗೆ ಹೊರಟವರ ಸಮಯ ಕಳೆಯುತ್ತಿರುತ್ತದೆ. ನೆಂಟರನ್ನು ದೂರಿ ಪ್ರಯೋಜನವಿಲ್ಲ, ಅವರಿಗೆ ಬೇರೆ ಲಿಫ್ಟ್ ಕೊಡಬೇಕು. ಕೊಳೆಬಟ್ಟೆ, ಕಸದ ಚೀಲಗಳಿಗೂ ಬೇರೆಯದೇ ಬೇಕು.

ಕರೆಂಟ್ ಹೋದಾಗ ಬ್ಯಾಟರಿಯ ಬಲದಿಂದ ಹತ್ತಿರದ ಮಹಡಿಗೆ ತಲುಪಿಸಿ ಬಾಗಿಲು ತೆರೆಯುವ ಎಆರ್‌ಡಿ ಇರುತ್ತದಲ್ಲ ಎನ್ನುವವರಿದ್ದಾರೆ. ಇರಬೇಕು, ನಿಜ. ಆದರೆ ಹತ್ತಿರದ ಮಹಡಿ ಐಸಿಯುವೇ ಆಗಿರಬೇಕೆಂದಿಲ್ಲ. ಬಿಲ್ಲಿಂಗ್ ವಿಭಾಗದ ಮುಂದೆ, ಸಿಲಿಂಡರಿನಲ್ಲಿರುವಷ್ಟೇ ಆಕ್ಸಿಜನ್ ನಂಬಿಕೊಂಡು ನಿಲ್ಲುವುದು ರಕ್ಷಣೆಯಾಗಲಾರದು. ಬೆಡ್ ಲಿಫ್ಟ್ ಜನರೇಟರಿನ ತುರ್ತು ಲೈನಿನಲ್ಲಿಯೇ ಇರಬೇಕು. ಹಳೆಯ ಸರ್ಕಾರಿ ಆಸ್ಪತ್ರೆಗಳಲ್ಲಿ ಕಾಣುವ ರ‍್ಯಾಂಪುಗಳ ಬಗ್ಗೆ ನನಗೆ ಗೌರವವಿರುವುದೂ ಇದೇ ಕಾರಣಕ್ಕೆ: ಲಿಫ್ಟ್ ಕೆಟ್ಟರೂ ಮಂಚ ಇಳಿಯುತ್ತದೆ. 12ಕ್ಕೆ 1ರ ಇಳಿಜಾರಿನಲ್ಲಿ 3.6 ಮೀಟರ್ ಎತ್ತರದ ಒಂದು ಮಹಡಿಗೆ 43 ಮೀಟರ್ ಉದ್ದದ ರ‍್ಯಾಂಪ್ ಬೇಕು, ಎಲ್ಲರಿಗೂ ಅಷ್ಟು ಜಾಗವಿರುವುದಿಲ್ಲ. ಜಾಗವಿದ್ದವರಾದರೂ ಅದನ್ನು ನಕ್ಷೆಯಿಂದ ತೆಗೆದುಹಾಕಬಾರದು.

ನಮ್ಮಲ್ಲಿ ಲಿಫ್ಟುಗಳಿಗೆ 2012ರ ಅಧಿನಿಯಮವಿದೆ, ವಿದ್ಯುತ್ ಪರಿವೀಕ್ಷಣಾಲಯವಿದೆ. ಖಾಸಗಿ ಆಸ್ಪತ್ರೆಗಳ ನೋಂದಣಿಗೆ 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ (ಕೆಪಿಎಂಇ) ಕಾಯ್ದೆಯಿದೆ. ಮೊದಲನೆಯದರ ತಪಾಸಣೆ ಹಗ್ಗ, ಬ್ರೇಕು, ಬಾಗಿಲುಗಳ ಸುರಕ್ಷತೆಯದು. ನೋಂದಣಿಯ ಹೊತ್ತಿನಲ್ಲಿ ಇನ್ನೂ ಒಂದು ಪರೀಕ್ಷೆ ನಡೆಯಲಿ ಎಂದು ನಾನು ಕೇಳುತ್ತೇನೆ: ಆ ಆಸ್ಪತ್ರೆಯ ಅತಿ ದೊಡ್ಡ ಐಸಿಯು ಮಂಚದ ಮೇಲೆ ಒಬ್ಬರನ್ನು ಮಲಗಿಸಿ, ಸಿಲಿಂಡರ್, ಮಾನಿಟರ್ ಇಟ್ಟು, ಮೂವರು ಸಿಬ್ಬಂದಿಯೊಂದಿಗೆ ಕ್ಯಾಶುವಾಲ್ಟಿಯಿಂದ ಓಟಿಗೆ, ಓಟಿಯಿಂದ ಐಸಿಯುವಿಗೆ ತಪಾಸಣೆಗೆ ಬಂದವರ ಎದುರಿಗೇ ಒಯ್ದು ತೋರಿಸಲಿ. ಅರ್ಧ ಗಂಟೆಯ ಕೆಲಸ. ಲಿಫ್ಟಿನ ಬಾಗಿಲು ಮುಚ್ಚದಿದ್ದರೆ ಆ ಆಸ್ಪತ್ರೆಯ ಓಟಿ ಮತ್ತು ಐಸಿಯುಗಳಿಗೆ ನೆಲಮಹಡಿಯಲ್ಲಿ ಮಾತ್ರ ಅನುಮತಿ ಸಿಗಲಿ, ಹೊರರೋಗಿ ವಿಭಾಗವನ್ನೂ ಕಚೇರಿಯನ್ನೂ ಮೇಲಕ್ಕೆ ಸಾಗಿಸಿಕೊಳ್ಳಲಿ.